ಅಮೆರಿಕದ ಕ್ಯಾಥೊಲಿಕ್ ವಿಶ್ವವಿದ್ಯಾಲಯಗಳಲ್ಲಿ ವರ್ಣಭೇದದ ಬಗ್ಗೆ ಬಾಯಿಬಿಟ್ಟು ಮಾತಾಡುತ್ತಾರೆಯೇ?

ಮಗಳಿಗೆ ವಾಷಿಂಗ್ಟನ್ನಿನ ಜಾರ್ಜ್‌ಟೌನ್‌ನಲ್ಲಿ ಸೀಟು ಸಿಕ್ಕಿದೆ, ಪಾದ್ರಿಗಳು ಕಟ್ಟಿದ ಸಂಸ್ಥೆಯಾದ್ದರಿಂದ ಕಪ್ಪು-ಬಿಳಿಯ ಮಾತು ಮುಚ್ಚಿಡುತ್ತಾರೋ, ಆಡಿದರೂ ಬರೀ ತೋರಿಕೆಗೋ ಎಂದು ಕೇಳಿದ್ದೀರಿ. ನಾನು 2017ರಿಂದ 2019ರವರೆಗೆ ಅಲ್ಲಿ ಎಂ.ಎ. ಓದಿದವನು. ಅದಕ್ಕೆ ಮುಂಚೆ ಮಂಗಳೂರಿನಲ್ಲಿ ಅದೇ ಯೇಸುಸಭೆಯ (ಜೆಸ್ವಿಟ್ ಪಾದ್ರಿಗಳ ಸಂಘ) ಫಾದರ್‌ಗಳ ಕಾಲೇಜಿನಲ್ಲಿದ್ದೆ. ಹಾಗಾಗಿ ಎರಡು ಮಾತು ಹೇಳಬಲ್ಲೆ.

ಮುಚ್ಚಿಡುವುದಿಲ್ಲ. ಆದರೆ ಬಾಯಿ ಬಿಡಿಸಿದವರು ಫಾದರ್‌ಗಳಲ್ಲ, ವಿದ್ಯಾರ್ಥಿಗಳು. ಆಮೇಲೆ, ಹಿಂದೆ ಮಾರಿಹೋದವರ ಮರಿಮಕ್ಕಳು.

ಮಾರಿಹೋದವರು ಎಂದೆನಲ್ಲ, ಅದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಮೇರಿಲ್ಯಾಂಡ್‌ನಲ್ಲಿ ಯೇಸುಸಭೆಗೆ ಹೊಗೆಸೊಪ್ಪಿನ ತೋಟಗಳಿದ್ದವು, ದುಡಿಯಲು ಗುಲಾಮರಿದ್ದರು. ಕಾಲೇಜು ಸಾಲದಲ್ಲಿ ಮುಳುಗಿದಾಗ, 1838ರಲ್ಲಿ, ಅಲ್ಲಿನ ಯೇಸುಸಭೆಯ ಮುಖ್ಯಸ್ಥ ಥಾಮಸ್ ಮಲ್ಲೆಡಿ 272 ಜನರನ್ನು ಲೂಯಿಸಿಯಾನಾದ ಧಣಿಗಳಿಗೆ 1,15,000 ಡಾಲರಿಗೆ ಮಾರಿದರು. ಅದಕ್ಕೆ ಮುಂಚೆ ಅವರು ಕಾಲೇಜಿನ ಅಧ್ಯಕ್ಷರೂ ಆಗಿದ್ದವರು. ಮುಂಗಡವಾಗಿ ಬಂದ 25,000ದಲ್ಲಿ 17,000 ಕಾಲೇಜಿನ ಸಾಲಕ್ಕೇ ಹೋಯಿತು. ರೋಮಿನಲ್ಲಿದ್ದ ಹಿರಿಯರು ಮಾರಾಟಕ್ಕೆ ಒಪ್ಪಿದ್ದೇ ಷರತ್ತು ಹಾಕಿ: ಸಂಸಾರಗಳನ್ನು ಒಡೆಯಬಾರದು, ಹೋದಲ್ಲಿ ಅವರ ಪೂಜೆ-ಪ್ರಾರ್ಥನೆಗೆ ಅಡ್ಡಿಯಾಗಬಾರದು, ಬಂದ ದುಡ್ಡನ್ನು ಸಾಲಕ್ಕೆ ಸುರಿಯಬಾರದು. ಷರತ್ತುಗಳೆಲ್ಲ ಗಾಳಿಗೆ ಹೋದವು. ಮರುವರ್ಷವೇ ಪೋಪ್ ಹದಿನಾರನೆಯ ಗ್ರೆಗರಿ ಗುಲಾಮರ ವ್ಯಾಪಾರವನ್ನು ಖಂಡಿಸಿ ಪತ್ರ ಹೊರಡಿಸಿದರು, ಅದು ಬೇರೆ ಮಾತು.

ಮಲ್ಲೆಡಿಯ ಹೆಸರಿನ ಕಟ್ಟಡವೊಂದು ಕ್ಯಾಂಪಸ್ಸಿನಲ್ಲಿತ್ತು. 2015ರಲ್ಲಿ ಅದನ್ನು ರಿಪೇರಿ ಮಾಡಿಸಿ ಹಾಸ್ಟೆಲ್ ಮಾಡಿದಾಗಲೇ ಗಲಾಟೆ ಎದ್ದದ್ದು. ಆ ನವೆಂಬರಿನಲ್ಲಿ ವಿದ್ಯಾರ್ಥಿಗಳು ಅಧ್ಯಕ್ಷರ ಕಚೇರಿಯ ಮುಂದೆ ಧರಣಿ ಕೂತರು, ಹೆಸರು ಹೋಯಿತು. 2017ರ ಏಪ್ರಿಲ್‌ನಲ್ಲಿ ಅದಕ್ಕೆ ಐಸಾಕ್ ಹಾಕಿನ್ಸ್ ಎಂದು ಹೆಸರಿಟ್ಟರು. ಮಾರಾಟದ ಪಟ್ಟಿಯಲ್ಲಿ ಮೊದಲ ಹೆಸರು ಅವನದು, ವಯಸ್ಸು 65. ಅದೇ ದಿನ ಯೇಸುಸಭೆಯ ಪರವಾಗಿ ಬಂದವರು ವಂಶಸ್ಥರ ಎದುರು ನಿಂತು ನಾವು ಘೋರ ಪಾಪ ಮಾಡಿದ್ದೇವೆ ಎಂದರು. ನಾನು ಹೋಗಿ ಸೇರಿದ್ದು ಇದಾಗಿ ನಾಲ್ಕು ತಿಂಗಳಿಗೆ. ಎಲ್ಲಿ ನೋಡಿದರೂ ಅದೇ ಮಾತು. ಮೊದಮೊದಲು ನನಗೂ ನಿಮ್ಮಂತೆಯೇ ಅನುಮಾನ: ಬೋರ್ಡು ಬದಲಾಯಿಸುವುದು ಯಾವ ದೊಡ್ಡ ಕೆಲಸ?

ಅಲ್ಲಿ ನನ್ನ ಮನಸ್ಸು ಬದಲಾದದ್ದು ಒಂದು ವಿಷಯಕ್ಕೆ. ಬೇರೆ ಗುಲಾಮರ ಮರಿಮಕ್ಕಳಿಗೆ ತಮ್ಮ ಹಿಂದಿನವರ ಜಾಡು ಹಿಡಿಯುವುದು ಬಹಳ ಕಷ್ಟ. ಇವರಿಗೆ ಸಿಕ್ಕಿತು, ಯಾಕೆಂದರೆ ಪಾದ್ರಿಗಳು ತಾವು ಮಾರಿದ ಜನರಿಗೂ ಜ್ಞಾನಸ್ನಾನ ಕೊಟ್ಟಿದ್ದರು, ಕೊಟ್ಟದ್ದನ್ನು ಬರೆದಿಟ್ಟಿದ್ದರು. ಕಾರ್ನೀಲಿಯಸ್ ಹಾಕಿನ್ಸ್ ಎಂಬ ಹುಡುಗ ಮಾರಾಟವಾದಾಗ ಅವನಿಗೆ ಸುಮಾರು 13 ವರ್ಷ. ಬಿಡುಗಡೆಯ ನಂತರ ಅವನು ಚರ್ಚಿನಲ್ಲೇ ಮದುವೆಯಾದ. 1902ರಲ್ಲಿ ತೀರಿಕೊಂಡಾಗ ಲೂಯಿಸಿಯಾನಾದ ಮಾರಿಂಗ್ವಿನ್ ಎಂಬ ಸಣ್ಣ ಊರಿನ ಕ್ಯಾಥೊಲಿಕ್ ಸ್ಮಶಾನದಲ್ಲೇ ಮಣ್ಣಾದ. ಅವನ ವಂಶದವರು ಇಂದಿಗೂ ಆ ಸೀಮೆಯಲ್ಲಿದ್ದಾರೆ. ತನ್ನನ್ನು ಮಾರಿದವರ ಧರ್ಮವನ್ನು ಅವನು ಬಿಡಲಿಲ್ಲ ಎನ್ನುವುದು ನನಗೆ ಇವತ್ತಿಗೂ ಪೂರ್ತಿ ಅರಗಿಲ್ಲ.

ಕ್ಯಾಥೊಲಿಕ್ ಅನ್ನುವುದರಿಂದ ಇನ್ನೊಂದು ಅನುಕೂಲವಿದೆ. ಅವರ ಮಾತನ್ನೇ ಅವರ ಮುಂದೆ ಹಿಡಿಯಬಹುದು. ಪಾಪನಿವೇದನೆಯಲ್ಲಿ ತಪ್ಪಾಯ್ತು ಎಂದರೆ ಮುಗಿಯುವುದಿಲ್ಲ, ಕದ್ದದ್ದನ್ನು ಹಿಂತಿರುಗಿಸಬೇಕು ಎನ್ನುವುದು ಚರ್ಚಿನದೇ ಬೋಧನೆ. ಹಾಗಾದರೆ ದುಡ್ಡೆಲ್ಲಿ? ವಿಶ್ವವಿದ್ಯಾಲಯ 2016ರಲ್ಲಿ ವಂಶಸ್ಥರಿಗೆ ಪ್ರವೇಶದಲ್ಲಿ ಆದ್ಯತೆ ಕೊಡುತ್ತೇವೆ ಎಂದಿತು, ಹಳೆ ವಿದ್ಯಾರ್ಥಿಗಳ ಮಕ್ಕಳಿಗೆ ಕೊಡುವಂಥದೇ ಆದ್ಯತೆ. ಅಲ್ಲಿನ ಫೀಸು ನಿಮಗೆ ಈಗಾಗಲೇ ಗೊತ್ತಾಗಿರಬೇಕು. ಎಲೆ ಹಾಕಿ ಬಡಿಸದೆ ಕೂರಿಸಿದ ಹಾಗೆ.

2019ರ ಏಪ್ರಿಲ್‌ನಲ್ಲಿ ಪದವಿ ವಿದ್ಯಾರ್ಥಿಗಳೇ ಮತ ಹಾಕಿದರು: ಪ್ರತಿ ಸೆಮಿಸ್ಟರಿಗೆ ಒಬ್ಬೊಬ್ಬರೂ 27 ಡಾಲರ್ 20 ಸೆಂಟ್ಸ್ ಕೊಟ್ಟು ವಂಶಸ್ಥರಿಗಾಗಿ ನಿಧಿ ಮಾಡೋಣವೇ? 272ರ ಲೆಕ್ಕಕ್ಕೆ ಆ ಮೊತ್ತ. ಎಂ.ಎ.ಯವರಿಗೆ ಮತವಿರಲಿಲ್ಲ, ಬಾಯಿ ಇತ್ತು. ಪದವಿಯಲ್ಲಿದ್ದ ಪುತ್ತೂರಿನ ಹುಡುಗನೊಬ್ಬ ನಮ್ಮ ರೂಮಿಗೆ ಊಟಕ್ಕೆ ಬರುತ್ತಿದ್ದ. "ಅಣ್ಣಾ, 1838 ಅಂದ್ರೆ ನಮ್ಮ ಕಡೆಯವರು ಕಂಪನಿ ವಿರುದ್ಧ ದಂಗೆ ಎದ್ದ ಕಲ್ಯಾಣಪ್ಪನ ಕಾಟಕಾಯಿ ಆಗಿ ಒಂದೇ ವರ್ಷ. ನಮ್ಮ ಹಿರಿಯರು ಕಂಪನಿಗೆ ತೀರ್ವೆ ಕಟ್ಟಿಕೊಂಡು ಬಿದ್ದಿದ್ರು. ಇವರ ಪಾಪಕ್ಕೆ ನಾನ್ಯಾಕೆ ದುಡ್ಡು ಕೊಡ್ಬೇಕು?" ಅಂದ. ನಾನೂ ಹೌದಲ್ಲ ಎಂದೆ. ವಿರೋಧಿಸಿದ ಅಮೆರಿಕನ್ನರೂ ಹೆಚ್ಚುಕಮ್ಮಿ ಅದನ್ನೇ ಹೇಳುತ್ತಿದ್ದರು, ಕೊಡಬೇಕಾದದ್ದು ವಿಶ್ವವಿದ್ಯಾಲಯವೇ ಹೊರತು ಮಕ್ಕಳಲ್ಲ ಎಂದು. ಕೊನೆಗೆ 2,541 ಮತ ಪರ, 1,304 ವಿರುದ್ಧ. ಆಡಳಿತ ಆ ಶುಲ್ಕವನ್ನು ಜಾರಿಗೆ ತರಲಿಲ್ಲ. ಬದಲಿಗೆ ದಾನಿಗಳಿಂದ ವರ್ಷಕ್ಕೆ ಸುಮಾರು 4 ಲಕ್ಷ ಡಾಲರ್ ಎತ್ತುತ್ತೇವೆ ಎಂದಿತು. 2021ರಲ್ಲಿ ಯೇಸುಸಭೆ 10 ಕೋಟಿ ಡಾಲರಿನ ಮಾತು ಕೊಟ್ಟಿತು, ಅದು ಬರುವ ವೇಗ ಸಾಲದೆಂದು ವಂಶಸ್ಥರ ಕಡೆಯಿಂದಲೇ ದೂರು ಬಂತು. ಅಲ್ಲಿನ ಮಾತು ತೋರಿಕೆಯಲ್ಲ ಎಂದು ನಾನು ಹೇಳುವುದು ಇದಕ್ಕೇ. ತೋರಿಕೆಯಾಗಿದ್ದರೆ ಲೆಕ್ಕದ ಜಗಳ ಇಷ್ಟು ದೂರ ಬರುತ್ತಿರಲಿಲ್ಲ.

ಜಾರ್ಜ್‌ಟೌನ್ ಒಂದೇ ಅಲ್ಲ. ಯೇಸುಸಭೆಯದೇ ಆದ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದಲ್ಲಿ 1944ರಲ್ಲಿ ಫಾದರ್ ಹೈಟ್‌ಹೌಸ್ ಪ್ರಸಂಗಪೀಠದಿಂದಲೇ ವರ್ಣಭೇದವನ್ನು ಬೈದರು, ಆ ಬೇಸಗೆಯಲ್ಲೇ ಕಪ್ಪು ವಿದ್ಯಾರ್ಥಿಗಳಿಗೆ ಬಾಗಿಲು ತೆರೆಯಿತು, ಬೈದವರಿಗೆ ಮಾತ್ರ ಮುಂದೆ ವರ್ಗಾವಣೆ. 2014ರಲ್ಲಿ ವರ್ಣಭೇದದ ವಿರುದ್ಧ ಎದ್ದ ಪ್ರತಿಭಟನಕಾರರು ಅದೇ ಕ್ಯಾಂಪಸ್ಸಿನ ಗಡಿಯಾರದ ಗೋಪುರದ ಬುಡದಲ್ಲಿ ಆರು ದಿನ ಬೀಡುಬಿಟ್ಟು, 13 ಅಂಶಗಳ ಒಪ್ಪಂದ ಮಾಡಿಸಿಕೊಂಡೇ ಎದ್ದರು.

ಪುತ್ತೂರಿನ ಹುಡುಗನ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆ ವರ್ಷ ಊರಿಗೆ ಹೋದಾಗ ಅಟ್ಟದ ಮೇಲಿನ ಹಳೇ ಕಾಗದದ ಕಟ್ಟು ಇಳಿಸಿದೆ. 1838ರಲ್ಲಿ ನಮ್ಮ ಕನ್ನಡ ಜಿಲ್ಲೆಯಲ್ಲೂ ಮೂಲದಾಳುಗಳಿದ್ದರು, ಜಮೀನಿಗೆ ಅಂಟಿಕೊಂಡವರು, ಕೈಬದಲಾಗುತ್ತಿದ್ದವರು. ಕಂಪನಿ ಸರಕಾರ ಅದಕ್ಕೆ ಕಾಯಿದೆಯ ಬಲ ತಪ್ಪಿಸಿದ್ದು 1843ರಲ್ಲಿ. ನಮ್ಮ ಕಾಗದಗಳಲ್ಲಿ ಬಾಕಿಮಾರು ಗದ್ದೆ, ಎಷ್ಟು ಮುಡಿ ಗೇಣಿ, ಎಷ್ಟು ತೆಂಗು, ಎಲ್ಲ ಇದೆ. ಗದ್ದೆಗೆ ಹೆಸರಿದೆ. ಉತ್ತವರಿಗೆ "ಆಳು ನಾಲ್ಕು" ಎಂದಷ್ಟೇ ಇದೆ. ಅಪ್ಪನನ್ನು ಕೇಳಿದೆ. "ಅವರ ಹೆಸರು ಯಾರಿಗೆ ಬೇಕಿತ್ತು ಮಾರಾಯ" ಅಂದರು. ಬೈಗುಳವಲ್ಲ, ಇದ್ದದ್ದನ್ನು ಹೇಳಿದರು.

ಮಗಳಿಗೆ ಅಲ್ಲಿ ಜಾತಿಯ ಪ್ರಶ್ನೆ ಬಂದೇ ಬರುತ್ತದೆ, ಭಾರತದವಳು ಎಂದ ಕೂಡಲೇ ಯಾರಾದರೂ ಕೇಳುತ್ತಾರೆ. ತಡವರಿಸಿದರೂ ಪರವಾಗಿಲ್ಲ, ನಮ್ಮಲ್ಲಿ ಅದೆಲ್ಲ ಈಗ ಇಲ್ಲ ಎಂದು ಮಾತ್ರ ಹೇಳದಿರಲಿ. ಹೊರಡುವ ಮುಂಚೆ ಒಂದು ಸಂಜೆ ಬಿಡುವು ಮಾಡಿಕೊಂಡು ಆ 1838ರ ಪಟ್ಟಿ ಓದಿಕೊಳ್ಳಲಿ, ವಿಶ್ವವಿದ್ಯಾಲಯವೇ ಅಂತರ್ಜಾಲದಲ್ಲಿ ಹಾಕಿದೆ. ಐಸಾಕನಿಂದ ಶುರುವಾಗುತ್ತದೆ. ಎರಡು ತಿಂಗಳ ಕೂಸೂ ಅದರಲ್ಲಿದೆ.