ಚಳಿಗಿಂತ ಮೊದಲು ಗಾಳಿ ನೋಡು

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ವಯಸ್ಸು 24 ಅಂತ ನೀನೇ ಬರೆದಿದ್ದೀಯ, ಅದಕ್ಕೇ ಏಕವಚನ, ಬೇಜಾರು ಮಾಡ್ಕೋಬೇಡ. ನೀನು ಕೇಳಿದ್ದು ಇಷ್ಟು. ಏಪ್ರಿಲ್, ಮೇನಲ್ಲಿ ಬೆಳಿಗ್ಗೆ 5ಕ್ಕೆ ಎದ್ದು ವಿಜಯಪುರದಿಂದ ಪಡುವಣಕ್ಕೆ ತಿಕೋಟಾ ರಸ್ತೆ ಹಿಡಿದು ಹೋಗಿಬಂದು 15 ಕಿ.ಮೀ. ಸೈಕಲ್ ಹೊಡೆಯುತ್ತಿದ್ದೆ ಅಂತೀಯ. ಮಳೆ ಹತ್ತಿದ ಮೇಲೆ ಸೈಕಲ್ ಪಡಸಾಲೆಯಲ್ಲೇ ನಿಂತಿತು. ಈಗ ಬಿಸಿಲು ಇಳಿದಿದೆ, ದೀಪಾವಳಿ ರಜೆಯಲ್ಲಿ ಆಲಮಟ್ಟಿಗೆ ಹೋಗಿ ಅದೇ ದಿನ ವಾಪಸ್ ಬರಬೇಕು, ಚಳಿಗೆ ಯಾವ ಜಾಕೆಟ್ ತಗೊಳ್ಳಲಿ ಅಂತ. ನಮ್ಮ ಈ ಸೈಕಲ್ ಗುಂಪಿನಲ್ಲಿ ಮೇಲೆ ಏಳೆಂಟು ಜನ ಜಾಕೆಟ್ ಬಗ್ಗೆಯೇ ಜಗಳ ಮಾಡಿದ್ದಾರೆ. ನಾನು ಜಾಕೆಟ್ ಕೊನೆಗೆ ಹೇಳ್ತೀನಿ, ಅದರ ಲೆಕ್ಕ ಅಷ್ಟೇ.

ಮೊದಲು ಗಾಳಿ. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಗಾಳಿ ಪಡುವಣದಿಂದ ಬೀಸುತ್ತದೆ. ಅಕ್ಟೋಬರ್‌ನಲ್ಲಿ ಅದು ತಿರುಗುತ್ತದೆ. ನಡುವೆ ಕೆಲವು ದಿನ ಎಲೆನೂ ಅಲುಗಾಡಲ್ಲ, ಆಮೇಲೆ ಮೂಡಣದಿಂದ, ಈಶಾನ್ಯದಿಂದ ಶುರು. ಕಾಳು ತೂರುವವರು ಇದನ್ನು ನೋಡಿಯೇ ಯಾವ ಕಡೆ ಮುಖ ಮಾಡಿ ನಿಲ್ಲಬೇಕು ಅಂತ ತೀರ್ಮಾನ ಮಾಡುತ್ತಾರೆ. ಸೈಕಲ್ ಹೊಡೆಯುವ ನಾವು ಮಾತ್ರ ನೋಡಲ್ಲ.

ನಾನೂ ನೋಡಿರಲಿಲ್ಲ. ಸೈಕಲ್ ಕೊಂಡ ಮೊದಲ ವರ್ಷ, ನವೆಂಬರ್‌ನಲ್ಲಿ ಒಂದು ಭಾನುವಾರ ತಿಕೋಟಾ ಕಡೆ ಹೊರಟೆ. ಸೈಕಲ್ ತಾನೇ ಓಡುತ್ತಿತ್ತು. ಬೆವರಿಲ್ಲ, ಏದುಸಿರಿಲ್ಲ. ಕಾಲಿಗೆ ಬಲ ಬಂತು ಅಂತ ತಿಳಿದು ತಿಕೋಟಾ ದಾಟಿ ಇನ್ನೂ ಹತ್ತು ಕಿ.ಮೀ. ಮುಂದೆ ಹೋದೆ, ಬಾಟಲಿ ನೀರು ಮುಟ್ಟಲೂ ಇಲ್ಲ. ವಾಪಸ್ ತಿರುಗಿಸಿದ ಮೇಲೆ ಗೊತ್ತಾಯಿತು, ಅಷ್ಟು ಹೊತ್ತು ಬೆನ್ನಿಗೆ ಗಾಳಿ ಇತ್ತು ಅಂತ. ಆಗ ಒಂಬತ್ತು ಗಂಟೆ, ಗಾಳಿ ಎದೆಗೆ, ಸೂರ್ಯ ಕಣ್ಣಿಗೆ. ಬೆಳಿಗ್ಗೆ ಮೆಲ್ಲಗಿದ್ದ ಗಾಳಿ ನೆಲ ಕಾದಂತೆ ಜೋರಾಗುತ್ತದೆ, ಹಾಗಾಗಿ ವಾಪಸ್ ಬರುವ ಹೊತ್ತಿಗೇ ಅದರ ಜೋರು ಜಾಸ್ತಿ. ಒಂದು ದ್ರಾಕ್ಷಿ ತೋಟದ ಬದಿಗೆ ಕೂತೇಬಿಟ್ಟೆ, ಕೈ ನಡುಗುತ್ತಿತ್ತು. ಅಲ್ಲಿ ಕೆಲಸಕ್ಕೆ ಬಂದಿದ್ದ ಅಕ್ಕನೊಬ್ಬರು ಬುತ್ತಿ ಬಿಚ್ಚಿ ಒಂದೂವರೆ ರೊಟ್ಟಿ, ಹಿಂಡಿಪಲ್ಲೆ ಕೊಟ್ಟರು. ಉಳಿದ ದಾರಿ ಟೆಂಪೋದಲ್ಲಿ ಸೈಕಲ್ ಹಾಕಿಕೊಂಡು ಬಂದೆ. ಮನೆಯಲ್ಲಿ ಪಂಕ್ಚರ್ ಆಯಿತು ಅಂತ ಹೇಳಿದೆ.

ಹಾಗಾಗಿ ಈಗ ನಿನ್ನ ರೂಢಿಯ ರಸ್ತೆ ಉಲ್ಟಾ ಆಗಿದೆ ಅಂತ ತಿಳಿ. ಇನ್ನು ಮೇಲೆ ಮೂಡಣದ ಸಿಂದಗಿ ರಸ್ತೆ ಒಳ್ಳೆಯದು. ಹೋಗುವಾಗ ಗಾಳಿ ಎದುರು, ಕಾಲು ತಾಜಾ ಇರುತ್ತದೆ, ಬರುವಾಗ ಗಾಳಿಯೇ ದಬ್ಬಿಕೊಂಡು ಬರುತ್ತದೆ. ಒಂದು ಎಚ್ಚರಿಕೆ ಇದೆ. ಸೂರ್ಯ ಹುಟ್ಟುವ ಹೊತ್ತಿಗೆ ಮೂಡಣಕ್ಕೆ ಮುಖ ಮಾಡಿ ಹೋಗುತ್ತಿದ್ದರೆ ನಿನ್ನ ಹಿಂದಿನಿಂದ ಬರುವ ಲಾರಿಯವನಿಗೂ ಬಿಸಿಲು ಕಣ್ಣಿಗೇ ಹೊಡೆಯುತ್ತದೆ. ಅವನಿಗೆ ನೀನು ಕಾಣಲ್ಲ. ಆ ಇಪ್ಪತ್ತು ನಿಮಿಷ ರಸ್ತೆ ಬಿಟ್ಟು ಎಲ್ಲಾದರೂ ಚಹಾ ಕುಡಿ, ಸೂರ್ಯ ಸ್ವಲ್ಪ ಮೇಲೆ ಏರಲಿ.

ಟೈಮೂ ಬದಲಾಗಬೇಕು. ಮೇನಲ್ಲಿ ಆರಕ್ಕೆ ಮುಂಚೆಯೇ ಬೆಳಕು, ನವೆಂಬರ್ ನಡುವಿಗೆ ಸೂರ್ಯ ಬರುವುದು ಆರೂವರೆಗೆ, ಜನವರಿಯಲ್ಲಿ ಏಳಕ್ಕೆ. 5ಕ್ಕೆ ಹೊರಟರೆ ಒಂದೂವರೆ ಗಂಟೆ ಕತ್ತಲಲ್ಲಿ ಹೊಡೆಯಬೇಕು. ಬೇಸಿಗೆಯಲ್ಲಿ ಎಂಟರೊಳಗೆ ಮನೆ ಸೇರಲೇಬೇಕಿತ್ತು, ಈಗ ಆ ಅವಸರ ಇಲ್ಲ, ಆರೂಕಾಲಿಗೆ ಹೊರಡು, ಸಾಕು. ಸಂಜೆ ಮಾತ್ರ ಮೋಸ ಮಾಡುತ್ತದೆ. ಆರು ಹೊಡೆಯುವುದರೊಳಗೆ ಸೂರ್ಯ ಮುಳುಗಿರುತ್ತಾನೆ, ಆಮೇಲೆ ಅರ್ಧ ಗಂಟೆಯಲ್ಲಿ ಕತ್ತಲೆ.

ಆ ಕತ್ತಲೆಯಲ್ಲಿ ನನಗೆ ಭಯ ಇರುವುದು ನಾಯಿಗಳದ್ದಲ್ಲ, ಕಬ್ಬಿನ ಟ್ರ್ಯಾಕ್ಟರ್‌ಗಳದ್ದು. ಕಾರ್ಖಾನೆ ಶುರುವಾದ ಮೇಲೆ ಒಂದೊಂದಕ್ಕೂ ಎರಡು ಟ್ರಾಲಿ. ಹಿಂದಿನ ಟ್ರಾಲಿಗೆ ಎಷ್ಟೋ ಸಲ ಕೆಂಪು ದೀಪವೂ ಇರಲ್ಲ, ರಿಫ್ಲೆಕ್ಟರ್ ಪಟ್ಟಿಯೂ ಇರಲ್ಲ, ಕಬ್ಬು ಎರಡೂ ಬದಿಗೆ ಮೊಳದುದ್ದ ಚಾಚಿರುತ್ತದೆ. ಹಾಡು ಜೋರಾಗಿ ಹಾಕಿರುತ್ತಾನೆ, ನಿನ್ನ ಬೆಲ್ಲು ಅವನಿಗೆ ಕೇಳಲ್ಲ. ಓವರ್‌ಟೇಕ್ ಮಾಡುವ ಆಸೆ ಬಿಡು. ಬಿದ್ದ ಕಬ್ಬಿನ ಮೇಲೆ ಮುಂದಿನ ಗಾಲಿ ಓರೆಯಾಗಿ ಹತ್ತಿದರೆ ಜಾರಿದ್ದೇ ಗೊತ್ತಾಗಲ್ಲ, ನೇರವಾಗಿ ದಾಟು, ಇಲ್ಲ ಇಳಿದು ದಾಟು. ಇದೇ ಸಮಯದಲ್ಲಿ ಡಾಂಬರಿನ ಮೇಲೆ ಸಜ್ಜೆ, ಗೋವಿನಜೋಳ ಹರವಿರುತ್ತಾರೆ. ಅದರ ಮೇಲೆ ಬ್ರೇಕ್ ಹಾಕಬೇಡ. ರೈತರ ಮೇಲೆ ಕೂಗಾಡಲೂ ಬೇಡ, ಕಣ ಮಾಡುವ ಜಾಗ ಎಲ್ಲರ ಹತ್ತಿರ ಇರಲ್ಲ.

ಈಗ ಸೈಕಲ್. ನಾಲ್ಕು ತಿಂಗಳು ನಿಂತ ಸೈಕಲ್‌ಗೆ ಸುಮ್ನೆ ಗಾಳಿ ತುಂಬಿ ಹೊರಡುವುದು ಬೇಡ. ಚೈನ್ ಮೇಲೆ ಕೆಂಪು ಪುಡಿ ಕಾಣುತ್ತಿದ್ದರೆ ಹಳೆಯ ಹಲ್ಲುಜ್ಜುವ ಬ್ರಷ್‌ಗೆ ಸ್ವಲ್ಪ ಡೀಸೆಲ್ ಹಚ್ಚಿ ತಿಕ್ಕು. ಡೀಸೆಲ್ ರಿಮ್ಮಿಗೆ, ಬ್ರೇಕಿಗೆ ಸಿಡಿಯದಂತೆ ಬಟ್ಟೆ ಮುಚ್ಚು. ಒರೆಸಿ ಪೂರ್ತಿ ಒಣಗಿಸಿ, ಒಂದೊಂದು ಕೊಂಡಿಗೆ ಒಂದೊಂದು ಹನಿ ತೆಳು ಎಣ್ಣೆ ಬಿಡು, ಹತ್ತು ನಿಮಿಷ ಬಿಟ್ಟು ಹೊರಗಿನ ಎಣ್ಣೆಯನ್ನೆಲ್ಲ ಒರೆಸಿಬಿಡು. ಎಣ್ಣೆ ಬೇಕಾದದ್ದು ಒಳಗೆ. ಹೊರಗೆ ಉಳಿದರೆ ಒಣ ಹವೆಯ ಧೂಳು ಅದಕ್ಕೆ ಹತ್ತಿ ಉಪ್ಪುಕಾಗದ ತಿಕ್ಕಿದ ಹಾಗೆ ಚೈನ್ ಸವೆಸುತ್ತದೆ. ಗ್ರೀಸ್ ಹಚ್ಚು ಅಂತ ಮೇಲೆ ಒಬ್ಬರು ಬರೆದಿದ್ದಾರೆ, ದಯವಿಟ್ಟು ಬೇಡ. ಬ್ರೇಕ್ ರಬ್ಬರ್ ಬಿಚ್ಚಿ ನೋಡು. ಮಳೆಗಾಲದ ಹರಳು ಅದರಲ್ಲಿ ಸಿಕ್ಕಿಕೊಂಡಿರುತ್ತದೆ, ಸೂಜಿಯಿಂದ ಕೀಳು, ಇಲ್ಲದಿದ್ದರೆ ರಿಮ್ಮಿಗೆ ಗೀರು ಬೀಳುತ್ತದೆ.

ಹಿಂಗಾರಿ ಮಳೆ ಇನ್ನೂ ಪೂರ್ತಿ ಹೋಗಿಲ್ಲ ಅನ್ನುವುದೂ ನೆನಪಿರಲಿ. ಹಸ್ತಾ, ಚಿತ್ತಾ ಮಳೆ ಒಂದೆರಡು ಜಡಿದರೆ ಬಿತ್ತನೆಗೆ ಹೋದ ಟ್ರ್ಯಾಕ್ಟರ್ ಹೊಲದಿಂದ ಎರೆಮಣ್ಣು ಹೊತ್ತು ತಂದು ರಸ್ತೆ ತುಂಬ ಉದುರಿಸುತ್ತದೆ. ಹಸಿ ಎರೆ ಗಾಲಿಗೆ ಹತ್ತಿದರೆ ಗೊತ್ತಲ್ಲ, ಮಡ್‌ಗಾರ್ಡ್ ಒಳಗೆ ಉಂಡೆ ಕಟ್ಟಿ ಗಾಲಿಯೇ ತಿರುಗಲ್ಲ. ಒಂದು ಚಪ್ಪಟೆ ಕಡ್ಡಿ ಇಟ್ಟುಕೊ, ಅಲ್ಲೇ ಕೆರೆದು ಹಾಕು. ಮನೆಗೆ ಬಂದು ನೋಡೋಣ ಅಂದರೆ ಇಟ್ಟಂಗಿ ಆಗಿರುತ್ತದೆ.

ಮಳೆ ನಿಂತ ಮೇಲಿನ ದೊಡ್ಡ ಶತ್ರು ಮುಳ್ಳು. ಜಾಲಿ ಮುಳ್ಳು ಎಲ್ಲರಿಗೂ ಗೊತ್ತು, ಉದ್ದ ಇರುತ್ತದೆ, ಕಾಣುತ್ತದೆ. ನಾನು ಹೇಳುವುದು ನೆಗ್ಗಿಲ ಮುಳ್ಳು. ಮಳೆಗಾಲದಲ್ಲಿ ರಸ್ತೆ ಬದಿ ನೆಲಕ್ಕೆ ಅಂಟಿ ಹಬ್ಬುತ್ತದೆ, ಪುಟ್ಟ ಹಳದಿ ಹೂವು, ನೋಡೋಕೆ ಬಡಪಾಯಿ. ಅಕ್ಟೋಬರ್, ನವೆಂಬರ್‌ಗೆ ಕಾಯಿ ಒಣಗಿ ಹೋಳು ಹೋಳಾಗಿ ಬೀಳುತ್ತದೆ. ಒಂದು ಹೋಳು ಅಂಗೈ ಮೇಲೆ ಇಟ್ಟು ನೋಡು, ಯಾವ ಮಗ್ಗುಲಿಗೆ ಬಿದ್ದರೂ ಒಂದು ಕೊಂಬು ಮೇಲಕ್ಕೇ ಇರುತ್ತದೆ. ಟೈರ್ ಅದನ್ನು ಎತ್ತಿಕೊಂಡು ಒಂದೊಂದು ಸುತ್ತಿಗೂ ಒಳಗೆ ಒತ್ತುತ್ತಾ ಹೋಗುತ್ತದೆ. ಹೋದ ವರ್ಷ ಭೂತನಾಳ ಕೆರೆ ಹತ್ತಿರ ಫೋಟೋ ತೆಗೆಯೋಕೆ ಅಂತ ಹುಲ್ಲಿನ ಮೇಲೆ ಹತ್ತು ಹೆಜ್ಜೆ ಸೈಕಲ್ ತಳ್ಳಿಕೊಂಡು ಹೋಗಿದ್ದೆ, ಎರಡೂ ಗಾಲಿಯಿಂದ ಹದಿನೇಳು ಕಿತ್ತೆ. ಕಿತ್ತ ಮೇಲೆ ಗಾಳಿ ಹೋಯಿತು, ಅದಕ್ಕೆ ಮುಂಚೆ ಹೋಗಿರಲಿಲ್ಲ! ಹಾಗಾಗಿ ನಿಲ್ಲುವಾಗ ಡಾಂಬರಿನ ಅಂಚಿನಲ್ಲೇ ನಿಲ್ಲು, ಹುಲ್ಲಿಗೆ ಇಳಿಯಬೇಕಾದರೆ ಸೈಕಲ್ ಎತ್ತಿಕೊ. ಒಂದು ಹೊಸ ಟ್ಯೂಬ್, ಪ್ಯಾಚ್, ಸೊಲ್ಯೂಷನ್, ಸಣ್ಣ ಪಂಪ್ ಜೊತೆಗಿರಲಿ. ಪಂಕ್ಚರ್ ಹಾಕಿದ ಮೇಲೆ ಟೈರ್ ಒಳಗೆ ಬೆರಳಾಡಿಸಿ ನೋಡದೆ ಟ್ಯೂಬ್ ಕೂರಿಸಬೇಡ, ಮುರಿದ ತುದಿ ಅಲ್ಲೇ ಕೂತಿರುತ್ತದೆ.

ಗಾಳಿ ತುಂಬುವುದರಲ್ಲೂ ಒಂದು ಮಾತಿದೆ. ಮಧ್ಯಾಹ್ನದ 31 ಡಿಗ್ರಿಯಲ್ಲಿ 60 ಪಿಎಸ್‌ಐ ಒತ್ತಡಕ್ಕೆ ತುಂಬಿಸಿ ಇಟ್ಟರೆ ಬೆಳಿಗ್ಗೆ 16 ಡಿಗ್ರಿಯಲ್ಲಿ ಅದೇ ಟ್ಯೂಬ್ 56ರ ಹತ್ತಿರ ತೋರಿಸುತ್ತದೆ. ಎಲ್ಲೂ ಸೋರಿಲ್ಲ, ತಣ್ಣಗಾದರೆ ಗಾಳಿ ಕುಗ್ಗುತ್ತದೆ ಅಷ್ಟೇ. ಹೊರಡುವ ಮುಂಚೆ ಬೆಳಿಗ್ಗೆಯೇ ನೋಡಿಕೊ.

ಇನ್ನು ಆಲಮಟ್ಟಿ. ಮನಗೂಳಿ, ನಿಡಗುಂದಿ ಮೇಲೆ ಹೋದರೆ ಒಂದು ಕಡೆಗೇ 65 ಕಿ.ಮೀ. ಆಸುಪಾಸು, ಹೋಗಿಬಂದರೆ 130. ನಾಲ್ಕು ತಿಂಗಳು ಬಿಟ್ಟು, 15ರಿಂದ ನೇರ 130ಕ್ಕೆ? ಬೇಸಿಗೆಯಲ್ಲಿ ಬಿಸಿಲೇ ನಿನ್ನನ್ನು ಮನೆಗೆ ಓಡಿಸುತ್ತಿತ್ತು, ಜಾಸ್ತಿ ಮಾಡುವ ಅವಕಾಶವೇ ಇರಲಿಲ್ಲ. ಈಗ ತಂಪಾಗಿದೆ, ಎದೆ ಇನ್ನೂ ಹೋಗು ಅನ್ನುತ್ತದೆ, ಮೊಣಕಾಲು ಮಾರನೆಯ ದಿನ ಮಾತಾಡುತ್ತದೆ. ಈ ಗುಂಪಿನಲ್ಲಿ ಡಿಸೆಂಬರ್ ಬಂದರೆ ಮೊಣಕಾಲು ನೋವಿನ ಪ್ರಶ್ನೆ ಎಷ್ಟು ಬರುತ್ತವೆ ಅಂತ ಹಳೆಯ ಮೆಸೇಜ್ ತೆಗೆದು ನೋಡು, ಎಲ್ಲರೂ ತಂಪು ಬಂತು ಅಂತ ಹಾರಿದವರೇ. ಮೊದಲ ವಾರ 15 ಸಾಕು, ಆಮೇಲೆ ವಾರಕ್ಕೊಮ್ಮೆ ಉದ್ದದ ಸವಾರಿಗೆ ಐದಾರು ಕಿ.ಮೀ. ಸೇರಿಸು. ಮೊದಲ ಹದಿನೈದು ನಿಮಿಷ ಹಗುರ ಗೇರ್‌ನಲ್ಲೇ ತುಳಿ, ತಣ್ಣನೆಯ ಮೊಣಕಾಲಿಗೆ ಭಾರದ ಗೇರ್ ಆಗಲ್ಲ. ಸೀಟಿನ ಎತ್ತರ ಹೀಗೆ ನೋಡು. ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೇರ ಆಗಬೇಕು. ನಮ್ಮಲ್ಲಿ ಮುಕ್ಕಾಲು ಪಾಲು ಜನರ ಸೀಟು ಕೆಳಗೇ ಇರುತ್ತದೆ, ನಿಂತಾಗ ಎರಡೂ ಕಾಲು ನೆಲಕ್ಕೆ ಊರಬೇಕು ಅನ್ನುವ ಹಟಕ್ಕೆ.

ದೀಪಾವಳಿಗೆ ಆಲಮಟ್ಟಿ ಬಿಡು. ಅಷ್ಟೂ ಆಸೆ ಇದ್ದರೆ ಎಳ್ಳ ಅಮಾವಾಸ್ಯೆ ಹೊತ್ತಿಗೆ ಕೊಲ್ಹಾರ ಇಟ್ಟುಕೊ, ಸುಮಾರು 40 ಕಿ.ಮೀ., ವಾಪಸ್ ಬೇಕಾದರೆ ಬಸ್ಸು, ಟೆಂಪೋ ಏನಾದರೂ ಸಿಗುತ್ತದೆ. ಮಡಕೆ ಮೊಸರು ತಿಂದು ಬರಬಹುದು. ಕೃಷ್ಣಾ ಹಿನ್ನೀರಿನ ಸೇತುವೆ ನೋಡುವ ಆಸೆ ಆಗುತ್ತದೆ, ನೋಡು, ಆದರೆ ಅದರ ಮೇಲೆ ಹ್ಯಾಂಡಲ್ ಬಿಗಿಯಾಗಿ ಹಿಡಿ. ರಸ್ತೆ ತೆಂಕಣಕ್ಕೆ, ಗಾಳಿ ಮೂಡಣದಿಂದ, ತಡೆಯೋಕೆ ಒಂದು ಗಿಡವೂ ಇಲ್ಲ, ಪೂರ್ತಿ ಅಡ್ಡಗಾಳಿ. ಸೇತುವೆ ನೋಡಿ ವಾಪಸ್ ಬರುವಾಗ ದೊಡ್ಡ ಲಾರಿ ಬಲಪಕ್ಕಕ್ಕೆ ಬಂದರೆ ಗಾಳಿ ತಟ್ಟನೆ ನಿಂತು ಸೈಕಲ್ ಅದರ ಕಡೆಗೇ ವಾಲುತ್ತದೆ, ಲಾರಿ ದಾಟಿದ ಕೂಡಲೇ ಗಾಳಿ ಮತ್ತೆ ಹೊಡೆಯುತ್ತದೆ. ಮೊದಲ ಸಲ ನನಗೆ ಜೀವ ಬಾಯಿಗೆ ಬಂದಿತ್ತು. ಆಲಮಟ್ಟಿ ಜನವರಿಗೆ ನೋಡೋಣ, ಅದೂ ಒಂದು ಕಡೆಗೆ ಮಾತ್ರ. ವಾಪಸ್ ರೈಲಿದೆ. ಸೈಕಲ್ ಲಗೇಜಿಗೆ ಹತ್ತಿಸಿಕೊಳ್ಳುತ್ತಾರಾ ಅಂತ ಹಿಂದಿನ ದಿನವೇ ಸ್ಟೇಷನ್‌ನಲ್ಲಿ ಕೇಳಿಟ್ಟುಕೊ.

ನೀರಿನ ಬಗ್ಗೆ ಮೇಲೆಯೇ ಹೇಳಿದೆ, ನನ್ನ ಕಥೆಯಲ್ಲಿ. ಚಳಿಯಲ್ಲಿ ಬಾಯಾರಲ್ಲ, ಬೆವರು ಗಾಳಿಗೆ ಆರಿಹೋಗುತ್ತದೆ, ಅಂಗಿ ಒಣಗಿಯೇ ಇರುತ್ತದೆ. ಮನೆಗೆ ಬಂದು ಕರಿ ಟೀಶರ್ಟ್ ನೋಡು, ಬೆನ್ನ ಮೇಲೆ ಬಿಳಿ ಉಪ್ಪಿನ ಗೆರೆ. ಬಾಯಾರಿಕೆ ಕಾಯದೆ ಹದಿನೈದು, ಇಪ್ಪತ್ತು ನಿಮಿಷಕ್ಕೆ ಎರಡು ಗುಟುಕು ಕುಡಿ. ಒಂದು ಗಂಟೆ ದಾಟಿದರೆ ತಿನ್ನಲೇಬೇಕು. ಅಂಗಡಿಯ ಎನರ್ಜಿ ಬಾರ್ ಗೀರ್ ಏನೂ ಬೇಡ. ಶೇಂಗಾ ಉಂಡಿ ಒಳ್ಳೆಯದೇ, ಆದರೆ ಓಡುವಾಗ ಅಗಿಯೋದು ಕಷ್ಟ, ಗಂಟಲು ಒಣಗುತ್ತದೆ. ಬಾಳೆಹಣ್ಣು, ಇಲ್ಲ ಅಂದರೆ ಒಂದು ಹಿಡಿ ಮಾದಲಿ ಸಣ್ಣ ಡಬ್ಬಿಯಲ್ಲಿ. ವಾಪಸ್ ಬಂದ ಮೇಲೆ ಮಿರ್ಚಿ, ಸುಸಲಾ ಎಷ್ಟಾದರೂ ತಿನ್ನು, ಹೊರಡುವ ಮುಂಚೆ ಮಿರ್ಚಿ ಬೇಡ, ಅನುಭವದ ಮಾತು.

ಈಗ ನಿನ್ನ ಜಾಕೆಟ್. ನವೆಂಬರ್‌ಗೆ ಬೇಡವೇ ಬೇಡ. ಮನೆ ಬಾಗಿಲಲ್ಲಿ ಸ್ವಲ್ಪ ನಡುಗಬೇಕು, ಆಗಲೇ ಲೆಕ್ಕ ಸರಿ, ಎರಡು ಕಿ.ಮೀ. ತುಳಿದರೆ ಮೈ ಬಿಸಿಯಾಗುತ್ತದೆ. ದಪ್ಪ ಜಾಕೆಟ್ ಹಾಕಿದರೆ ಒಳಗೆ ಬೆವರಿ ತೊಯ್ದು, ಚಹಾಕ್ಕೆ ನಿಂತಾಗ ಆ ಒದ್ದೆಯೇ ಚಳಿ ಹಿಡಿಸುತ್ತದೆ. ಡಿಸೆಂಬರ್, ಜನವರಿಯಲ್ಲಿ ನಮ್ಮಲ್ಲಿ ಬೆಳಿಗ್ಗೆ 10, 12 ಡಿಗ್ರಿಗೆ ಇಳಿಯುತ್ತದೆ, ಆಗ ಮಡಚಿ ಜೇಬಿಗೆ ಹಾಕುವಂಥ ತೆಳು ಗಾಳಿತಡೆ ಅಂಗಿ ಒಂದು ಸಾಕು. ಅದೂ ಇಲ್ಲವಾ, ಹಿಂದಿನ ದಿನದ ಪೇಪರ್ ಎರಡು ಹಾಳೆ ಎದೆಯ ಮೇಲೆ ಅಂಗಿಯ ಒಳಗೆ ಇಟ್ಟುಕೊ, ನಗಬೇಡ, ಕೆಲಸ ಮಾಡುತ್ತದೆ, ಬಿಸಿಯಾದ ಮೇಲೆ ತೆಗೆದು ಮಡಚಿ ಇಟ್ಟುಕೊಂಡರೆ ಆಯಿತು. ಕಿವಿಗೆ ಹೆಲ್ಮೆಟ್ ಒಳಗೆ ಹಿಡಿಯುವ ತೆಳು ಟೋಪಿ. ಮಫ್ಲರ್ ಸುತ್ತಿಕೊಂಡು ಬರಬೇಡ, ತುದಿ ಜಾರಿ ಹಿಂದಿನ ಗಾಲಿಯ ಕಡ್ಡಿಗೆ ಸಿಕ್ಕಿದರೆ ಕುತ್ತಿಗೆಗೇ ಬರುತ್ತದೆ. ಆ ಜಾಕೆಟ್ ದುಡ್ಡಲ್ಲಿ ಹಿಂದೆ ಒಂದು ಕೆಂಪು ದೀಪ, ಎರಡು ಒಳ್ಳೆಯ ಟ್ಯೂಬ್ ತಗೊ.

ಕೊಲ್ಹಾರಕ್ಕೆ ಹೊರಡುವ ದಿನ ಇಲ್ಲಿ ಒಂದು ಮೆಸೇಜ್ ಹಾಕು, ಭಾನುವಾರ ಆದರೆ ನಾನೂ ಬರುತ್ತೇನೆ. ಮೊಸರಿನ ದುಡ್ಡು ನಿಂದು.