ಇಬ್ಬರು ಅಧ್ಯಕ್ಷರಿದ್ದರೆ ಅರ್ಜಿಯಲ್ಲಿ ಏನೆಂದು ಬರೆಯಬೇಕು?

ಪ್ರಶ್ನೆ: ಮಗಳು 12ನೇ ಕ್ಲಾಸ್. ಅಮೆರಿಕದ ಕಾಲೇಜುಗಳಿಗೆ ಕಾಮನ್ ಆ್ಯಪ್‌ನಲ್ಲಿ (ಹಲವು ಕಾಲೇಜುಗಳಿಗೆ ಒಂದೇ ಅರ್ಜಿ ಕಳಿಸುವ ಆನ್‌ಲೈನ್ ವ್ಯವಸ್ಥೆ) ಅರ್ಜಿ ತುಂಬುತ್ತಿದ್ದಾಳೆ. ಶಾಲೆಯ ಡಿಬೇಟ್ ಕ್ಲಬ್ಬಿಗೆ ಅವಳು, ಅವಳ ಗೆಳತಿ ಇಬ್ಬರೂ ಅಧ್ಯಕ್ಷರು. ಬರೀ 'ಪ್ರೆಸಿಡೆಂಟ್' ಅಂತ ಹಾಕಿದರೆ ತಪ್ಪಾ? 'ಕೋ' ಸೇರಿಸಿದರೆ ಅರ್ಧ ಅಧ್ಯಕ್ಷೆ ಅನ್ನಿಸುತ್ತೆ ಅಂತಾಳೆ.
– ಒಬ್ಬ ತಾಯಿ, ಬೆಂಗಳೂರು

ಉತ್ತರ: ತಪ್ಪೇ ಅಮ್ಮಾ. 'ಕೋ-ಪ್ರೆಸಿಡೆಂಟ್' ಅಂತಲೇ ಹಾಕಿಸಿ. ಜೋಡೆತ್ತಿನಲ್ಲಿ ಒಂದನ್ನು ಯಾರೂ ಅರ್ಧ ಎತ್ತು ಅನ್ನೋದಿಲ್ಲ. (ಹೋಲಿಕೆಗೆ ಮಗಳು ಬೇಜಾರಾಗದಿರಲಿ!)

ಜಾಗ ಸಾಲದು ಅನ್ನುವ ಹಾಗೂ ಇಲ್ಲ. ಹುದ್ದೆಯ ಕಾಲಂನಲ್ಲಿ 50 ಅಕ್ಷರಗಳಿವೆ. ಇಂಗ್ಲಿಷಿನಲ್ಲಿ 'ಕೋ' ಮತ್ತು ಅಡ್ಡಗೆರೆಗೆ ಬೇಕಾಗುವುದು ಮೂರೇ. ಗೆಳತಿಯೂ ಅದೇ ಕಾಲೇಜಿಗೆ ಹಾಕಿದ್ದಾಳೆ ಅಂದುಕೊಳ್ಳಿ. ಒಂದೇ ಶಾಲೆಯ ಅರ್ಜಿಗಳು ಸಾಮಾನ್ಯವಾಗಿ ಕಾಲೇಜಿನ ಒಬ್ಬರೇ ಪ್ರವೇಶಾಧಿಕಾರಿಯ ಕೈಗೆ ಹೋಗುತ್ತವೆ. ಒಂದೇ ಕ್ಲಬ್ಬು, ಒಂದೇ ವರ್ಷ, ಇಬ್ಬರು 'ಪ್ರೆಸಿಡೆಂಟ್'! ಅನುಮಾನ ಇಬ್ಬರ ಮೇಲೂ ಬರುತ್ತೆ. ಸಾಲದ್ದಕ್ಕೆ, ಅರ್ಜಿಯ ಜೊತೆ ಶಾಲೆಯ ಕೌನ್ಸೆಲರ್ ಕಳಿಸುವ ಪತ್ರದಲ್ಲಿ 'ಇಬ್ಬರೂ ಸೇರಿ ನಡೆಸಿದರು' ಅಂತ ಇದ್ದರೆ ಮುಗಿಯಿತು. ಬರೆದದ್ದೆಲ್ಲ ನಿಜ ಅಂತ ಮಗಳು ಸಹಿ ಬೇರೆ ಹಾಕಿರುತ್ತಾಳೆ. ಸುಳ್ಳು ಅಂತ ಗೊತ್ತಾದರೆ ಕೊಟ್ಟ ಸೀಟನ್ನೂ ವಾಪಸ್ ತಗೋಬಹುದು.

ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ಕೆಳಗಿನ ವಿವರಣೆಗೆ. ಅಲ್ಲಿ 150 ಅಕ್ಷರ ಅಷ್ಟೇ, ಖಾಲಿ ಜಾಗವೂ ಲೆಕ್ಕಕ್ಕೆ. 'ಕ್ಲಬ್ ಮುನ್ನಡೆಸಿದೆ, ಸ್ಪರ್ಧೆ ಆಯೋಜಿಸಿದೆ' ಅಂತ ಬರೆದರೆ ಗೆಳತಿಯ ಅರ್ಜಿಯಲ್ಲೂ ಅದೇ ಇರುತ್ತೆ, ಅಲ್ವಾ? ಮಗಳನ್ನೇ ಕೇಳಿ: ನೀನೊಬ್ಬಳೇ ಮಾಡಿದ್ದು ಏನು? 'ವಾರಕ್ಕೆರಡು ದಿನ 9ನೇ ಕ್ಲಾಸಿನವರಿಗೆ ಎದುರುವಾದ ಕಲಿಸಿದೆ. ತೀರ್ಪುಗಾರರನ್ನು ಹುಡುಕಿ ಕರೆತಂದೆ. ಬಜೆಟ್ ಗೆಳತಿಯದು' ಅಂದರೆ ಚಿತ್ರ ಕಣ್ಣಿಗೆ ಬರುತ್ತೆ. ಬಜೆಟ್ಟಿನ ಮಾತು ಅರ್ಜಿಗೆ ಬೇಡ. ಉಳಿದದ್ದನ್ನು ಹಾಕಲಿ. ವಾರಕ್ಕೆ ಎಷ್ಟು ಗಂಟೆ ಅನ್ನುವಲ್ಲೂ ಅವಳ ಗಂಟೆಗಳೇ ಇರಲಿ, ಕ್ಲಬ್ಬಿನ ಒಟ್ಟು ಗಂಟೆಗಳಲ್ಲ.

'ಗೆಳತಿ ಹೆಸರಿಗಷ್ಟೇ, ಕೆಲಸವೆಲ್ಲ ನಂದೇ' ಅನ್ನುವ ಮಕ್ಕಳೂ ಸಿಗುತ್ತಾರೆ. ಇರಬಹುದು. ಆದರೂ ಹುದ್ದೆ ಬದಲಾಗದು. ಗಂಟೆ, ಕೆಲಸ ಅದನ್ನು ಹೇಳಲಿ. ಗೆಳತಿಯನ್ನು ದೂರುವ ಸಾಲು ಮಾತ್ರ ಎಲ್ಲೂ ಬೇಡ.

ಕಳಿಸುವ ಮುಂಚೆ ಇಬ್ಬರೂ ಅರ್ಧ ಗಂಟೆ ಕೂತು ಅರ್ಜಿ ಅದಲುಬದಲು ಮಾಡಿ ಓದಲಿ. ಒಬ್ಬಳು 40 ಸದಸ್ಯರು ಅಂತ, ಇನ್ನೊಬ್ಬಳು 65 ಅಂತ ಬರೆದಿದ್ದರೆ ಅಲ್ಲೇ ಸಿಕ್ಕಿಬೀಳುತ್ತೆ.