ಇಳಿದುಹೋದ ಕಾರ್ ಬ್ಯಾಟರಿಗೆ ಜಂಪ್ ಸ್ಟಾರ್ಟರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಮಗ ದುಬೈಯಲ್ಲಿದ್ದಾನೆ. ಅವನ ಪೆಟ್ರೋಲ್ ಕಾರು ನಮ್ಮ ಮನೆಯ ಪೋರ್ಟಿಕೋದಲ್ಲಿ ತಿಂಗಳುಗಟ್ಟಲೆ ನಿಂತೇ ಇರುತ್ತದೆ. ಕಳೆದ ಮಳೆಗಾಲದಲ್ಲಿ ಆಸ್ಪತ್ರೆಗೆ ಹೊರಟ ದಿನ ಕೀಲಿ ತಿರುಗಿಸಿದರೆ ಕಟಕಟ ಸದ್ದಲ್ಲದೆ ಬೇರೇನೂ ಆಗಲಿಲ್ಲ. ಈಗ ಮಗ ಒಂದು ಚಿಕ್ಕ ಜಂಪ್ ಸ್ಟಾರ್ಟರ್ ತಂದುಕೊಟ್ಟಿದ್ದಾನೆ. ಅದರಲ್ಲಿ ‘ಬೂಸ್ಟ್’ ಎಂಬ ಗುಂಡಿಯೂ ಇದೆ. ಇದನ್ನು ಬಳಸುವ ಕ್ರಮ ಹೇಗೆ? ಶಾಕ್ ಹೊಡೆಯುವ ಭಯವಿದೆಯೇ? ಇದೊಂದಿದ್ದರೆ ಹೊಸ ಬ್ಯಾಟರಿ ಬೇಡವೇ?
— ಹಿರಿಯ ಓದುಗರೊಬ್ಬರು, ಉಡುಪಿ

ಉತ್ತರ: ಮೊದಲು ನಿಮ್ಮ ಕೊನೆಯ ಪ್ರಶ್ನೆಯನ್ನೇ ಎತ್ತಿಕೊಳ್ಳುತ್ತೇನೆ, ಏಕೆಂದರೆ ಹೆಚ್ಚಿನವರು ತಪ್ಪು ತಿಳಿಯುವುದು ಅಲ್ಲಿಯೇ. ಜಂಪ್ ಸ್ಟಾರ್ಟರ್ ಎಂಜಿನ್ನನ್ನು ಎಬ್ಬಿಸುತ್ತದೆ, ಬ್ಯಾಟರಿಯನ್ನು ತುಂಬಿಸುವುದಿಲ್ಲ. ಅದರೊಳಗಿನ ಲಿಥಿಯಂ ಕೋಶಗಳು ಕೆಲವೇ ಸೆಕೆಂಡುಗಳ ಕಾಲ ದೊಡ್ಡ ಪ್ರಮಾಣದ ಕರೆಂಟ್ ಕೊಟ್ಟು ಸ್ಟಾರ್ಟರ್ ಮೋಟಾರನ್ನು ತಿರುಗಿಸುತ್ತವೆ. ಅಲ್ಲಿಗೆ ಅದರ ಕೆಲಸ ಮುಗಿಯಿತು.

ನಿಂತ ಕಾರಿನಲ್ಲೂ ಗಡಿಯಾರ, ಅಲಾರಂ, ಲಾಕ್ ವ್ಯವಸ್ಥೆಗಳು ಸ್ವಲ್ಪ ಸ್ವಲ್ಪವೇ ಕರೆಂಟ್ ಎಳೆಯುತ್ತಿರುತ್ತವೆ. ಅದು ಕೇವಲ 30 ಮಿಲಿಆಂಪಿಯರ್ ಎಂದಿಟ್ಟುಕೊಂಡರೂ ಒಂದು ತಿಂಗಳಲ್ಲಿ ಸುಮಾರು 22 ಆಂಪಿಯರ್-ಅವರ್ (ಬ್ಯಾಟರಿಯಲ್ಲಿ ಹಿಡಿಯುವ ಚಾರ್ಜಿನ ಅಳತೆ) ಖರ್ಚಾಗುತ್ತದೆ. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿಗೆ ಇದು ಅರ್ಧಕ್ಕಿಂತ ಹೆಚ್ಚು. ನೀವು ಕೇಳಿದ ಕಟಕಟ ಸದ್ದು ಅದರ ಲಕ್ಷಣ: ಸ್ಟಾರ್ಟರ್‌ನ ಸೊಲೆನಾಯ್ಡ್ (ಮೋಟಾರಿಗೆ ಕರೆಂಟ್ ಹರಿಸುವ ವಿದ್ಯುತ್ಕಾಂತದ ಸ್ವಿಚ್) ಸೆಳೆಯಲು ಬೇಕಾದಷ್ಟು ಶಕ್ತಿ ಬ್ಯಾಟರಿಯಲ್ಲಿರುತ್ತದೆ, ಆದರೆ ಮೋಟಾರು ಕರೆಂಟ್ ಕೇಳಿದ ಕೂಡಲೇ ವೋಲ್ಟೇಜ್ ಕುಸಿದು ಸೊಲೆನಾಯ್ಡ್ ಬಿಟ್ಟುಕೊಳ್ಳುತ್ತದೆ, ಮತ್ತೆ ಸೆಳೆಯುತ್ತದೆ.

12 ವೋಲ್ಟ್‌ನಿಂದ ಒಣ ಕೈಗೆ ಶಾಕ್ ಹೊಡೆಯುವುದಿಲ್ಲ. ನಿಜವಾದ ಅಪಾಯ ಕಿಡಿಯದು. ಲೆಡ್-ಆ್ಯಸಿಡ್ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಬರಬಹುದು. ಅದರ ಬಳಿ ಕಿಡಿ ಹಾರಿದರೆ ಬ್ಯಾಟರಿ ಸಿಡಿಯುವ ಸಂಭವವುಂಟು. ಆದ್ದರಿಂದ ಕೈಯ ಉಂಗುರ, ಬಳೆ, ಲೋಹದ ವಾಚು ತೆಗೆದಿಡಿ, ಬೀಡಿ-ಸಿಗರೇಟಿನವರನ್ನು ದೂರ ನಿಲ್ಲಿಸಿ. ಬ್ಯಾಟರಿಯ ಪೆಟ್ಟಿಗೆ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ ಅಥವಾ ಸೋರುತ್ತಿದ್ದರೆ ಜಂಪ್ ಸ್ಟಾರ್ಟರ್ ಮುಟ್ಟಲೇಬೇಡಿ, ಮೆಕ್ಯಾನಿಕ್ಕನ್ನು ಕರೆಸಿ.

ನಮ್ಮ ಕರಾವಳಿಯಲ್ಲಿ ಇನ್ನೊಂದು ತೊಂದರೆಯನ್ನು ಮೊದಲೇ ನೋಡಿಕೊಳ್ಳಬೇಕು. ಬಾನೆಟ್ ಎತ್ತಿದಾಗ ಟರ್ಮಿನಲ್‌ಗಳ ಸುತ್ತ ಹಸಿರು ಮಿಶ್ರಿತ ಬಿಳಿ ಪುಡಿ ಕಟ್ಟಿರುವುದು ಕಾಣಬಹುದು. ಉಪ್ಪಿನಂಶದ ಗಾಳಿ ಮತ್ತು ತೇವ ಇದನ್ನು ಹೆಚ್ಚಿಸುತ್ತವೆ. ಈ ಪುಡಿಯ ಮೇಲೆ ಕ್ಲಿಪ್ ಕಚ್ಚಿಸಿದರೆ ಕರೆಂಟ್ ಸರಿಯಾಗಿ ದಾಟುವುದಿಲ್ಲ, ದೋಷವೆಲ್ಲ ಪಾಪ, ಉಪಕರಣದ ತಲೆಗೆ ಬರುತ್ತದೆ. ಒಣ ಬ್ರಷ್‌ನಿಂದ ಉಜ್ಜಿ, ಲೋಹ ಹೊಳೆಯುವ ಜಾಗದಲ್ಲಿ ಕ್ಲಿಪ್ ಕಚ್ಚಿಸಿ. ಪುರುಸೊತ್ತಿನ ದಿನ ವಯರುಗಳನ್ನು ಕಳಚಿ, ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು ಒಣಗಿಸಿ, ಮತ್ತೆ ಜೋಡಿಸಿ ಮೇಲಿನಿಂದ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿಡಬಹುದು.

ಈಗ ಜೋಡಿಸುವ ಕ್ರಮ. ಇಗ್ನಿಷನ್, ದೀಪ, ಎ.ಸಿ., ವೈಪರ್ ಎಲ್ಲವೂ ಬಂದ್ ಆಗಿರಲಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಕೆಂಪು ಕ್ಲಿಪ್ಪನ್ನು + ಗುರುತಿನ ಟರ್ಮಿನಲ್‌ಗೆ ಮೊದಲು ಕಚ್ಚಿಸಿ. ಕಪ್ಪು ಕ್ಲಿಪ್ಪನ್ನು ಬ್ಯಾಟರಿಯಿಂದ ಸ್ವಲ್ಪ ದೂರದಲ್ಲಿ, ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಅಥವಾ ಕಾರು ಕಂಪನಿಯವರು ಗುರುತಿಸಿದ ಅರ್ತ್ ಬೋಲ್ಟಿಗೆ ಕಚ್ಚಿಸುವುದು ಕ್ಷೇಮ. ಚಿಕ್ಕ ಉಪಕರಣಗಳ ವಯರು ಗಿಡ್ಡವಾಗಿರುವುದರಿಂದ ಕೆಲವು ಕೈಪಿಡಿಗಳು ನೇರವಾಗಿ − ಟರ್ಮಿನಲ್‌ಗೇ ಹಾಕಲು ಹೇಳುತ್ತವೆ. ಆಗ ನಿಮ್ಮ ಕೈಪಿಡಿಯಂತೆಯೇ ನಡೆಯಿರಿ. ಉಪಕರಣದ ಹಸಿರು ದೀಪ ಹೊತ್ತಿದ ಮೇಲೆ ಕೀಲಿ ತಿರುಗಿಸಿ, ಆದರೆ ಒಮ್ಮೆಗೆ ಮೂರು-ನಾಲ್ಕು ಸೆಕೆಂಡಿಗಿಂತ ಹೆಚ್ಚು ಬೇಡ. ಸ್ಟಾರ್ಟ್ ಆಗದಿದ್ದರೆ ಅರ್ಧ ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ. ಎರಡು-ಮೂರು ಸಲಕ್ಕೂ ಏಳದಿದ್ದರೆ ತೊಂದರೆ ಬೇರೆಡೆ ಇದೆಯೆಂದು ತಿಳಿದು ನಿಲ್ಲಿಸಿ. ಎಂಜಿನ್ ಸ್ಟಾರ್ಟ್ ಆದೊಡನೆ ಕಪ್ಪನ್ನು ಮೊದಲು, ಕೆಂಪನ್ನು ಆಮೇಲೆ ಬಿಡಿಸಿ.

‘ಬೂಸ್ಟ್’ ಗುಂಡಿಯ ವಿಷಯದಲ್ಲಿ ಬಹಳ ಎಚ್ಚರ ಬೇಕು. ಬ್ಯಾಟರಿ ತೀರಾ ಬರಿದಾಗಿದ್ದರೆ ಉಪಕರಣಕ್ಕೆ ಅದು ಇರುವುದೇ ಗೊತ್ತಾಗದೆ ಕರೆಂಟ್ ಬಿಡುವುದಿಲ್ಲ. ಆಗ ಒತ್ತಾಯದಿಂದ ಬಿಡಿಸಲು ಈ ಗುಂಡಿ ಇರುವುದು. ಅದನ್ನು ಒತ್ತಿದಾಗ ಹೆಚ್ಚಿನ ಉಪಕರಣಗಳಲ್ಲಿ + ಮತ್ತು − ಅದಲುಬದಲಾದರೆ ತಡೆಯುವ ರಕ್ಷಣೆಯೂ ಕೆಲಸ ಮಾಡುವುದಿಲ್ಲ. ಕ್ಲಿಪ್ ತಪ್ಪಿದ್ದರೆ ಕಾರಿನ ಎಲೆಕ್ಟ್ರಾನಿಕ್ಸ್ ಸುಡಬಹುದು. ಟಾರ್ಚ್ ಹಿಡಿದು ಗುರುತುಗಳನ್ನು ಎರಡು ಬಾರಿ ನೋಡದೆ ಆ ಗುಂಡಿಗೆ ಕೈ ಹಾಕಬೇಡಿ.

ಸ್ಟಾರ್ಟ್ ಆದ ಕಾರನ್ನು ಅಂಗಳದಲ್ಲೇ ಗುರುಗುಟ್ಟಿಸಿ ನಿಲ್ಲಿಸಿದರೆ ಪ್ರಯೋಜನ ಕಡಿಮೆ. ಹೆದ್ದಾರಿಯಲ್ಲಿ ಬ್ರಹ್ಮಾವರ ದಾಟಿ ಕುಂದಾಪುರದವರೆಗೆ ಹೋಗಿಬಂದರೆ ಬ್ಯಾಟರಿಗೆ ಒಂದಷ್ಟು ಚಾರ್ಜ್ ಸಿಗುತ್ತದೆ, ಪೂರ್ತಿ ತುಂಬಲು ಮಾತ್ರ ಮನೆಯ ಪ್ಲಗ್ಗಿಗೆ ಹಾಕುವ ಬ್ಯಾಟರಿ ಚಾರ್ಜರ್ ಬೇಕು. ಮರುದಿನ ಬೆಳಿಗ್ಗೆ ಮಲ್ಟಿಮೀಟರ್‌ನಲ್ಲಿ 12.6 ವೋಲ್ಟ್ ಆಸುಪಾಸು ತೋರಿಸಿದರೆ ಸರಿ, 12.0ಕ್ಕಿಂತ ಕೆಳಗಿದ್ದರೆ ಬ್ಯಾಟರಿ ಅಂಗಡಿಯಲ್ಲಿ ಲೋಡ್ ಟೆಸ್ಟ್ (ಹೆಚ್ಚು ಕರೆಂಟ್ ಎಳೆದು ಬ್ಯಾಟರಿಯ ಶಕ್ತಿ ನೋಡುವ ಪರೀಕ್ಷೆ) ಮಾಡಿಸಿ. ಬರಿದಾಗಿಯೇ ಬಿದ್ದಿರುವ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ, ಅದು ಚಾರ್ಜ್ ಹಿಡಿಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಮಗ ಊರಿಗೆ ಬರುವವರೆಗೆ ಕಾರು ಬೇಡವೆಂದಾದರೆ − ಟರ್ಮಿನಲ್‌ನ ವಯರನ್ನು ಕಳಚಿಡುವುದು ಎಲ್ಲಕ್ಕಿಂತ ಒಳ್ಳೆಯದು. ಜಂಪ್ ಸ್ಟಾರ್ಟರನ್ನು ಮನೆಯೊಳಗೇ ಇಡಿ, ಏಪ್ರಿಲ್-ಮೇ ಬಿಸಿಲಿಗೆ ನಿಂತ ಕಾರಿನೊಳಗಿನ ಕಾವು ಲಿಥಿಯಂ ಕೋಶಗಳಿಗೆ ಆಗದು. ಮೂರು ತಿಂಗಳಿಗೊಮ್ಮೆ ಅದಕ್ಕೂ ಚಾರ್ಜ್ ಹಾಕಿ.

ಪ್ರಶ್ನೆ: ನನ್ನದು ಡೀಸೆಲ್ ಗಾಡಿ. ‘ಪೀಕ್ 600 ಆಂಪಿಯರ್’ ಎಂದು ಬರೆದಿರುವ ಜಂಪ್ ಸ್ಟಾರ್ಟರ್ ಸಾಕೇ? ಅಷ್ಟಕ್ಕೂ ಕದ್ರಿಯ ಇಳಿಜಾರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡಬಹುದಲ್ಲವೇ?
— ಓದುಗರು, ಮಂಗಳೂರು

ಉತ್ತರ: ‘ಪೀಕ್’ ಎಂಬುದು ಕ್ಷಣಮಾತ್ರದ ಅಂಕಿ, ಅದನ್ನು ನಂಬಿ ಕೊಳ್ಳಬೇಡಿ. ಡೀಸೆಲ್ ಎಂಜಿನ್ನಿನ ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿಯನ್ನು ಒತ್ತುವ ಪ್ರಮಾಣ) ಹೆಚ್ಚಿರುವುದರಿಂದ ಅದನ್ನು ತಿರುಗಿಸಲು ಅಷ್ಟೇ ಗಾತ್ರದ ಪೆಟ್ರೋಲ್ ಎಂಜಿನ್ನಿಗಿಂತ ಹೆಚ್ಚು ಕರೆಂಟ್ ಬೇಕು. ಎಷ್ಟು ಲೀಟರಿನ ಡೀಸೆಲ್ ಎಂಜಿನ್ನಿಗೆ ಆಗುತ್ತದೆಂದು ಪೆಟ್ಟಿಗೆಯ ಮೇಲೆ ಪ್ರತ್ಯೇಕವಾಗಿ ಬರೆದಿದೆಯೇ ನೋಡಿ, ನಿಮ್ಮ ಎಂಜಿನ್ನಿಗಿಂತ ಒಂದು ಮೆಟ್ಟಿಲು ಮೇಲಿನದ್ದನ್ನೇ ಆರಿಸಿ. ತಳ್ಳುವ ಉಪಾಯ ಆಟೋಮ್ಯಾಟಿಕ್ ಗೇರಿನ ಗಾಡಿಗೆ ನಡೆಯುವುದಿಲ್ಲ. ಗೇರ್ ಮ್ಯಾನುವಲ್ ಆಗಿದ್ದರೂ ಬ್ಯಾಟರಿ ಪೂರ್ತಿ ಬರಿದಾಗಿದ್ದರೆ ಇಂಧನ ಚಿಮ್ಮಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆಗೇ ಕರೆಂಟ್ ಇರುವುದಿಲ್ಲ. ಮೇಲಾಗಿ ಎಂಜಿನ್ ಓಡದೆ ಇಳಿಜಾರಿನಲ್ಲಿ ಜಾರುವ ಗಾಡಿಗೆ ಪವರ್ ಸ್ಟೀರಿಂಗ್ ಇರುವುದಿಲ್ಲ, ಬ್ರೇಕ್ ಪೆಡಲ್ ಒಂದೆರಡು ಒತ್ತಿಗೇ ಗಟ್ಟಿಯಾಗುತ್ತದೆ. ಜನ-ವಾಹನ ತುಂಬಿದ ಕದ್ರಿಯ ರಸ್ತೆಯಲ್ಲಿ ದಯವಿಟ್ಟು ಆ ಪ್ರಯತ್ನ ಬೇಡ.